ಚಿಪ್ ಚೆನ್ನಾಗಿದೆ, ಷೇರು?

ತ್ಯಾಗರಾಜನಗರದ ಅಂಚಿನ ನೆಟ್ಟಕಲ್ಲಪ್ಪ ವೃತ್ತದಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಜೆ.ಪಿ. ನಗರ. ಕೂತಲ್ಲೇ ಮೊಬೈಲಿನಲ್ಲಿ ಷೇರು ಕೊಳ್ಳುವುದನ್ನು ಮಧ್ಯಮ ವರ್ಗದ ಮನೆಗಳಿಗೆ ರೂಢಿ ಮಾಡಿಸಿದ ಜೆರೋಧಾ 2010ರಲ್ಲಿ ಶುರುವಾಗಿ ಬೆಳೆದದ್ದು ಬೆಂಗಳೂರಿನ ಈ ಭಾಗದಲ್ಲೇ. ಅದೇ ವೃತ್ತದಿಂದ ಪೂರ್ವಕ್ಕೆ, ಹೊರವರ್ತುಲ ರಸ್ತೆಯ ಕಡೆಗೆ ಹೊರಟರೆ ಜಗತ್ತಿನ ಹೆಸರಾಂತ ಚಿಪ್ ಕಂಪನಿಗಳ ವಿನ್ಯಾಸ ಕಚೇರಿಗಳು ಸಾಲುಸಾಲಾಗಿ ಸಿಗುತ್ತವೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಕಾಲಿಟ್ಟ ದಿನದಿಂದ ಬೆಂಗಳೂರು ಚಿಪ್ಪಿನ ನಕ್ಷೆ ಬಿಡಿಸುವ ಊರು. ಹಾಗಾಗಿ ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಬಸವನಗುಡಿಯ ಒಂದೇ ಮನೆಯಲ್ಲಿ ಎರಡು ಲೋಕಗಳು ಜೊತೆಯಾಗಿರುವುದು ಇಲ್ಲಿ ಅಪರೂಪವೇನಲ್ಲ: ನಿವೃತ್ತರಾದ ಯಜಮಾನರ ಹೆಸರಿನಲ್ಲಿ ಡಿಮ್ಯಾಟ್ ಖಾತೆ, ಮಗಳೋ ಅಳಿಯನೋ ಚಿಪ್ ವಿನ್ಯಾಸದ ಎಂಜಿನಿಯರು. ಕೃತಕ ಬುದ್ಧಿಮತ್ತೆಗೆ, ಅಂದರೆ ಎಐಗೆ, ಹೊಸ ಬಗೆಯ ಚಿಪ್ ಮಾಡುತ್ತೇವೆಂದು ಒಂದು ಕಂಪನಿ ಹೊರಟರೆ ಅದರ ಬಗ್ಗೆ ಓದಿ, ಹುಡುಕಿ, ಪರಸ್ಪರ ಹಂಚಿಕೊಳ್ಳುವ ಸಣ್ಣ ಹೂಡಿಕೆದಾರರ ಬಳಗಕ್ಕೆ ಇದಕ್ಕಿಂತ ಹದವಾದ ನೆಲ ದೇಶದಲ್ಲಿ ಬೇರೆಲ್ಲಿದೆ?

ಈ ಹಂಚಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 2019ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 3.6 ಕೋಟಿ ಡಿಮ್ಯಾಟ್ ಖಾತೆಗಳಿದ್ದವು. 2025ರ ಹೊತ್ತಿಗೆ ಅವು 19 ಕೋಟಿ ದಾಟಿದವು. ಇಷ್ಟು ಜನ ತಾವಾಗಿ ಓದಿ, ತಮ್ಮತಮ್ಮಲ್ಲೇ ಚರ್ಚಿಸುವುದು ಯಾರೋ ಅಂದದ್ದಕ್ಕೆ ತಲೆದೂಗಿ ಹಣ ಹಾಕುವುದಕ್ಕಿಂತ ಎಷ್ಟೋ ವಾಸಿ. ಆದರೆ ಇಂಥ ಬಳಗಗಳು ಒಂದು ಕಡೆ ತಪ್ಪದೆ ಎಡವುತ್ತವೆ, ತಿಳಿವಳಿಕೆ ಹೆಚ್ಚಿದ್ದಷ್ಟೂ ಆ ಎಡವು ದೊಡ್ಡದಾಗುತ್ತದೆ ಎನ್ನುವುದು ನನ್ನ ವಾದ. ಚಿಪ್ ಚೆನ್ನಾಗಿದೆ ಎಂದು ಕಂಡುಕೊಂಡ ಕೂಡಲೇ ಷೇರೂ ಚೆನ್ನಾಗಿದೆ ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಈ ಎರಡು ಮಾತುಗಳ ನಡುವೆ ಗಿರಾಕಿ, ಸಾಫ್ಟ್‌ವೇರ್, ಕೈಯಲ್ಲಿರುವ ನಗದು, ಹೊಸದಾಗಿ ಹೊರಬರುವ ಷೇರುಗಳು, ಕೊಟ್ಟ ಬೆಲೆ ಎಂಬ ದೊಡ್ಡ ಹೊಳೆಯೇ ಹರಿಯುತ್ತದೆ. ಸಂಶೋಧನೆ ಎಂದು ಹಂಚಿಕೊಳ್ಳುವುದರಲ್ಲಿ ಬಹುಪಾಲು ಹೊಳೆಯ ಈಚೆ ದಡದ್ದು.

ಮೊದಲು ಈ ಚಿಪ್ ಏನೆಂದು ನೋಡೋಣ. ಮಾಮೂಲಿ ಕಂಪ್ಯೂಟರಿನ ಪ್ರೊಸೆಸರ್ ಎಂದರೆ ನುರಿತ ಒಬ್ಬ ಅಡುಗೆ ಭಟ್ಟರಿದ್ದ ಹಾಗೆ. ಯಾವ ಅಡುಗೆ ಹೇಳಿದರೂ ಮಾಡುತ್ತಾರೆ, ಆದರೆ ಒಂದಾದ ಮೇಲೆ ಒಂದು. ಎಐಗೆ ಬೇಕಾದದ್ದು ಬೇರೆ. ಅಲ್ಲಿರುವುದು ಕೂಡುವ, ಗುಣಿಸುವ ಸರಳ ಲೆಕ್ಕ. ಆದರೆ ಅಂಥವು ಕೋಟ್ಯಂತರ ಒಟ್ಟಿಗೇ ನಡೆಯಬೇಕು. ಸಮಾರಾಧನೆಗೆ ಸಾಲಾಗಿ ಕೂತು ಹೋಳಿಗೆ ತಟ್ಟುವ ನೂರು ಕೈಗಳಂತೆ. ಆಟದ ಚಿತ್ರಗಳನ್ನು ಮೂಡಿಸಲು ಹುಟ್ಟಿದ ಜಿಪಿಯು ಎಂಬ ಚಿಪ್ ಈ ಕೆಲಸಕ್ಕೆ ಒಗ್ಗಿತು, ಎನ್‌ವಿಡಿಯಾ ಕಂಪನಿ ಆಕಾಶಕ್ಕೇರಿತು. ಆದರೆ ಎಲ್ಲ ಅಡುಗೆಮನೆಯಲ್ಲೂ ಇರುವ ತೊಂದರೆ ಇಲ್ಲೂ ಇದೆ. ತಟ್ಟುವುದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಶ್ರಮ ಉಗ್ರಾಣದಿಂದ ಸಾಮಾನು ಹೊತ್ತು ತರುವುದಕ್ಕೇ ಹೋಗುತ್ತದೆ. ಮೆಮೊರಿಯಿಂದ ಅಂಕಿಗಳನ್ನು ಲೆಕ್ಕದ ಜಾಗಕ್ಕೆ ಸಾಗಿಸುವುದರಲ್ಲೇ ಬಹಳಷ್ಟು ವಿದ್ಯುತ್ ಸುಟ್ಟುಹೋಗುತ್ತದೆ. ಹೊಸ ಕಂಪನಿಗಳೆಲ್ಲ ಹಿಡಿದಿರುವುದು ಈ ಎಳೆಯನ್ನೇ. ಅಮೆರಿಕದ ಸೆರೆಬ್ರಾಸ್ ಸಿಲಿಕಾನ್ ತಟ್ಟೆಯನ್ನು ಚೂರು ಮಾಡದೆ ಇಡೀ ತಟ್ಟೆಯನ್ನೇ ಒಂದು ಚಿಪ್ ಮಾಡಿತು. 2024ರಲ್ಲಿ ಬಂದ ಅದರ ಮೂರನೆಯ ಪೀಳಿಗೆಯಲ್ಲಿ 4 ಲಕ್ಷ ಕೋಟಿ ಟ್ರಾನ್ಸಿಸ್ಟರುಗಳಿವೆ. ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿರುವ ಬ್ರೈನ್‌ಚಿಪ್ ಕಂಪನಿ ಮಿದುಳಿನ ನರಕೋಶಗಳ ಹಾದಿ ಹಿಡಿಯಿತು. ಹೊಸದೇನಾದರೂ ಘಟಿಸಿದಾಗ ಮಾತ್ರ ಕೆಲಸ ಮಾಡಿ, ಉಳಿದ ಹೊತ್ತು ಸುಮ್ಮನಿದ್ದು ವಿದ್ಯುತ್ ಉಳಿಸುವ ಚಿಪ್ ಅದರದು, ಹೆಸರು ಅಕಿಡಾ. ಎರಡೂ ಜಾಣ ಯೋಚನೆಗಳೇ. ಎಂಜಿನಿಯರನ್ನು ಕೇಳಿದರೆ ಮೆಚ್ಚುತ್ತಾರೆ, ಮೆಚ್ಚಬೇಕಾದ್ದೇ.

ಈಗ ಹೊಳೆ ದಾಟೋಣ. 2022ರಲ್ಲಿ ಬೆಂಗಳೂರಿನಲ್ಲೂ ಕಚೇರಿ ತೆರೆದಿದ್ದ ಸೆರೆಬ್ರಾಸ್, 2024ರ ಸೆಪ್ಟೆಂಬರ್ ಕೊನೆಯಲ್ಲಿ ಸಾರ್ವಜನಿಕರಿಗೆ ಷೇರು ಮಾರಲು ಪ್ರಾಸ್ಪೆಕ್ಟಸ್ ಸಲ್ಲಿಸಿತು. ಅದುವರೆಗೆ ಈ ಕಂಪನಿಯ ಬಗ್ಗೆ ನಡೆದ ಚರ್ಚೆಯೆಲ್ಲ ತಟ್ಟೆಯಗಲದ ಆ ಚಿಪ್ಪಿನ ಬಗ್ಗೆಯೇ. ಪ್ರಾಸ್ಪೆಕ್ಟಸ್ಸಿನಲ್ಲಿ ಬೇರೊಂದು ಸಂಗತಿ ಇತ್ತು. 2024ರ ಮೊದಲ ಆರು ತಿಂಗಳಲ್ಲಿ ಕಂಪನಿಗೆ ಬಂದ ವರಮಾನ 13.64 ಕೋಟಿ ಡಾಲರ್, ಅದರ ಶೇ 87ರಷ್ಟು ಅಬುಧಾಬಿಯ ಜಿ42 ಎಂಬ ಒಂದೇ ಗಿರಾಕಿಯಿಂದ. ಆ ಗಿರಾಕಿಯೇ ಹೂಡಿಕೆದಾರನೂ ಹೌದು. ಆ ಹೂಡಿಕೆ ಅಮೆರಿಕ ಸರ್ಕಾರದ ಭದ್ರತಾ ಪರಿಶೀಲನೆಗೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಎಳೆಯಿತು. ಪರಿಶೀಲನೆ ಮುಗಿದ ಮೇಲೂ, 2025ರ ಅಕ್ಟೋಬರ್‌ನಲ್ಲಿ, ಕಂಪನಿ ಆ ಅರ್ಜಿಯನ್ನೇ ಹಿಂದಕ್ಕೆ ಪಡೆಯಿತು. ಕಂಪನಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅರ್ಜಿ ಹಿಂದಕ್ಕೆ ಪಡೆಯುವ ಕೆಲವೇ ದಿನಗಳ ಮುಂಚೆ ದೊಡ್ಡ ಹೂಡಿಕೆದಾರರಿಂದ 110 ಕೋಟಿ ಡಾಲರ್ ಎತ್ತಿದ ಕಂಪನಿ ಅದು. ನನ್ನ ಗಮನ ಇರುವುದು ಬೇರೆ ಕಡೆ. ಹೂಡಿಕೆದಾರ ತಿಳಿಯಲೇಬೇಕಾಗಿದ್ದ ಮಾತು ಚಿಪ್ಪಿನೊಳಗೆ ಎಲ್ಲೂ ಇರಲಿಲ್ಲ, ಗಿರಾಕಿಗಳ ಪಟ್ಟಿಯಲ್ಲಿತ್ತು. ನಾಲ್ಕು ಲಕ್ಷ ಕೋಟಿ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಎಣಿಸಿದ್ದರೂ ಅದು ಸಿಗುತ್ತಿರಲಿಲ್ಲ.

ಬ್ರೈನ್‌ಚಿಪ್ಪಿನ ಕಥೆ ಸಣ್ಣ ಹೂಡಿಕೆದಾರರಿಗೆ ಇನ್ನೂ ಹತ್ತಿರದ್ದು, ಏಕೆಂದರೆ ಆ ಷೇರನ್ನು ಎತ್ತಿ ಹಿಡಿದವರೇ ಅವರು. 2022ರ ಜನವರಿ ಆರಂಭದಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಪ್ರಯೋಗದ ವಿದ್ಯುತ್ ಕಾರು ಇಕ್ಯೂಎಕ್ಸ್ಎಕ್ಸ್ ಅನ್ನು ತೋರಿಸಿತು. ಅದರೊಳಗೆ, ಚಾಲಕನ ದನಿ ಗುರುತಿಸುವುದಕ್ಕೆ, ಅಕಿಡಾ ಚಿಪ್ ಬಳಸಿದ್ದಾಗಿ ಹೇಳಿತು. ಹಿಂದಿನ ವರ್ಷದ ಕೊನೆಗೆ 70 ಸೆಂಟಿನ ಆಸುಪಾಸಿನಲ್ಲಿದ್ದ ಷೇರು ಅದೇ ತಿಂಗಳು 2 ಆಸ್ಟ್ರೇಲಿಯನ್ ಡಾಲರ್ ದಾಟಿತು. ಸುದ್ದಿ ಸುಳ್ಳಲ್ಲ. ಕಾರು ನಿಜ, ಚಿಪ್ ನಿಜ, ಮರ್ಸಿಡಿಸ್ ಹೆಸರು ನಿಜ. ಆದರೆ ಅದು ಪ್ರಯೋಗದ ಕಾರು, ಮಾರಾಟದ್ದಲ್ಲ. ಪ್ರಯೋಗದ ಕಾರಿಗೆ ಬೇಕಾದ ಚಿಪ್ಪುಗಳು ಬೆರಳೆಣಿಕೆಯವು. 2022ರಲ್ಲಿ ಸುಮಾರು 51 ಲಕ್ಷ ಅಮೆರಿಕನ್ ಡಾಲರ್ ಇದ್ದ ಕಂಪನಿಯ ವರಮಾನ 2023ರಲ್ಲಿ ಸುಮಾರು 2.3 ಲಕ್ಷಕ್ಕೆ ಕುಸಿಯಿತು. ಆ ವರ್ಷದ ನಷ್ಟ ಸುಮಾರು 2.9 ಕೋಟಿ ಡಾಲರ್. 2023ರ ಕೊನೆಗೆ ಷೇರು 20 ಸೆಂಟಿನ ಆಸುಪಾಸಿಗೆ ಬಂದು ನಿಂತಿತ್ತು. ಇಷ್ಟರ ನಡುವೆ ಚಿಪ್ ಕೆಟ್ಟುಹೋಗಿತ್ತೇ? ಇಲ್ಲ. 2022ರ ಜನವರಿಯಲ್ಲಿ ಎಷ್ಟು ಚೆನ್ನಾಗಿತ್ತೋ 2023ರ ಡಿಸೆಂಬರ್‌ನಲ್ಲೂ ಅಷ್ಟೇ ಚೆನ್ನಾಗಿತ್ತು.

ಈ ಎರಡು ವರ್ಷ ಕಂಪನಿ ಬದುಕಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಹಂಚಿಕೆಯ ಸಂಶೋಧನೆ ಸಾಮಾನ್ಯವಾಗಿ ಸೋಲುವುದು. ವರಮಾನವಿಲ್ಲದ ಕಂಪನಿ ಸಂಬಳ ಕೊಡುವುದು ಹೊಸ ಷೇರು ಹೊರಡಿಸಿ, ಅದನ್ನು ಮಾರಿ ಬಂದ ಹಣದಿಂದ. 2020ರಲ್ಲಿ ಬ್ರೈನ್‌ಚಿಪ್ ಒಂದು ಹೂಡಿಕೆ ಸಂಸ್ಥೆಯ ಜೊತೆ, ಬೇಕಾದಾಗ ಹೊಸ ಷೇರು ಕೊಟ್ಟು ಹಣ ಪಡೆಯುವ ಒಪ್ಪಂದ ಮಾಡಿಕೊಂಡಿತ್ತು. ಇದು ಕಾನೂನುಬದ್ಧ, ಚಿಪ್ ಉದ್ಯಮದ ಆರಂಭದಲ್ಲಿ ಅನಿವಾರ್ಯ ಕೂಡ. ಆದರೆ ಪ್ರತಿ ಸಲವೂ ಹಳೆಯ ಷೇರುದಾರನ ಪಾಲು ತೆಳುವಾಗುತ್ತದೆ. ಸಾರು ಅಷ್ಟೇ ಇದ್ದು ಪಂಕ್ತಿಯಲ್ಲಿ ಎಲೆಗಳು ಹೆಚ್ಚುತ್ತ ಹೋದರೆ ಬಡಿಸುವವರು ನೀರು ಬೆರೆಸಲೇಬೇಕು. ಕಂಪನಿ ಮುಂದೆ ಗೆದ್ದರೂ ಗೆಲುವಿನಲ್ಲಿ ನಮ್ಮ ಪಾಲೆಷ್ಟು ಎಂಬುದು ಈ ಎಲೆಗಳ ಎಣಿಕೆಯಿಂದ ತೀರ್ಮಾನವಾಗುತ್ತದೆ, ಚಿಪ್ಪಿನ ವೇಗದಿಂದಲ್ಲ.

ದೊಡ್ಡ ಹೂಡಿಕೆದಾರರಾದರೂ ಸರಿಯಾಗಿ ತೂಗುತ್ತಾರೆಯೇ? ಅದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್‌ನ ಗ್ರಾಫ್‌ಕೋರ್ ಉತ್ತರ. 2020ರ ಕೊನೆಯಲ್ಲಿ ಜಗತ್ತಿನ ಹೆಸರಾಂತ ಹೂಡಿಕೆ ಸಂಸ್ಥೆಗಳು ಸೇರಿ ಅದಕ್ಕೆ ಸುಮಾರು 280 ಕೋಟಿ ಡಾಲರ್ ಬೆಲೆ ಕಟ್ಟಿದವು. 2022ರಲ್ಲಿ ಅದರ ವರಮಾನ 27 ಲಕ್ಷ ಡಾಲರ್, ನಷ್ಟ 20 ಕೋಟಿ ಡಾಲರಿಗೂ ಮಿಕ್ಕಿ. ಚಿಪ್ಪನ್ನು ಹೊಗಳದವರಿರಲಿಲ್ಲ. ಆದರೆ ಎನ್‌ವಿಡಿಯಾ 2007ರ ಹೊತ್ತಿಗೇ ಬಿಡುಗಡೆ ಮಾಡಿದ್ದ ಕುಡಾ ಎಂಬ ಸಾಫ್ಟ್‌ವೇರಿನಲ್ಲಿ ಒಂದೂವರೆ ದಶಕದಿಂದ ಬೆರಳು ಪಳಗಿದ ಎಂಜಿನಿಯರುಗಳಿಗೆ ಹೊಸ ಚಿಪ್ಪಿಗಾಗಿ ಬರೆದದ್ದೆಲ್ಲ ಮತ್ತೆ ಬರೆಯುವ ಉಮೇದು ಇರಲಿಲ್ಲ. 2024ರ ಜುಲೈನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಅದನ್ನು ಕೊಂಡುಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಅದೇ ಗ್ರಾಫ್‌ಕೋರ್ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರ ತೆರೆದು 500 ಜನರಿಗೆ ಕೆಲಸ ಕೊಡುವುದಾಗಿ ಹೇಳಿದೆ. ಅಂದರೆ ಚಿಪ್ಪಿನ ಯೋಚನೆ ಉಳಿಯಿತು, ಎಂಜಿನಿಯರುಗಳಿಗೆ ಕೆಲಸವೂ ಉಳಿಯಿತು. ಆ ಬೆಲೆಗೆ ಷೇರು ಕೊಂಡವರ ಹಣ ಮಾತ್ರ ಉಳಿಯಲಿಲ್ಲ. ನಮ್ಮ ಬಡಾವಣೆಗಳ ಮನೆಗಳಿಗೆ ಈ ಭೇದ ಮುಖ್ಯ. ಒಂದೇ ಕಂಪನಿಯಿಂದ ಮಗಳಿಗೆ ಒಳ್ಳೆಯದಾಗಿ ತಂದೆಗೆ ನಷ್ಟವಾಗಬಹುದು.

ಪರದೇಶದ ಕಥೆ ಸಾಕು, ಊರಿನದೇ ಹೇಳಿ ಎಂದರೆ ತೇಜಸ್ ನೆಟ್‌ವರ್ಕ್ಸ್ ಇದೆ. ಬೆಂಗಳೂರಿನ ಕಂಪನಿ, 2017ರ ಜೂನ್‌ನಲ್ಲಿ 257 ರೂಪಾಯಿಗೆ ಷೇರು ಕೊಟ್ಟು ಪೇಟೆಗೆ ಬಂತು, ಮುಂದೆ ಟಾಟಾ ಬಳಗ ಸೇರಿತು. 2007ರಲ್ಲಿ ಇದೇ ಊರಿನಲ್ಲಿ ಹುಟ್ಟಿ ಸ್ವಂತ ಚಿಪ್ ವಿನ್ಯಾಸ ಮಾಡಿದ ಸಾಂಖ್ಯ ಲ್ಯಾಬ್ಸ್ ಅನ್ನು 2022ರಲ್ಲಿ ತನ್ನದಾಗಿಸಿಕೊಂಡಿತು. ಇದು ಎಐ ಚಿಪ್ ಕಂಪನಿಯಲ್ಲ, ದೂರಸಂಪರ್ಕ ಸಲಕರಣೆಯದು. ಆದರೂ ಸ್ವದೇಶಿ ಚಿಪ್ ವಿದ್ಯೆಯಲ್ಲಿ ಪಾಲು ಬೇಕೆಂದ ಸಣ್ಣ ಹೂಡಿಕೆದಾರರ ಕೈಗೆ ಷೇರುಪೇಟೆಯಲ್ಲಿ ಎಟುಕುತ್ತಿದ್ದ ಕೆಲವೇ ಬೆಂಗಳೂರು ಹೆಸರುಗಳಲ್ಲಿ ಒಂದು. 2023ರಲ್ಲಿ ಬಿಎಸ್‌ಎನ್‌ಎಲ್ 4ಜಿ ಜಾಲಕ್ಕೆ ಟಿಸಿಎಸ್ ಮೂಲಕ ಸುಮಾರು 7,492 ಕೋಟಿ ರೂಪಾಯಿಯ ಆರ್ಡರ್ ಬಂತು. 2024–25ರಲ್ಲಿ ಕಂಪನಿಯ ವರಮಾನ 8,900 ಕೋಟಿ ದಾಟಿತು. ಮರು ತ್ರೈಮಾಸಿಕದಲ್ಲಿ, ಅಂದರೆ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ, ವರಮಾನ 202 ಕೋಟಿ, ನಷ್ಟ 194 ಕೋಟಿ. ಷೇರು ಹಿಂದಿನ ವರ್ಷದ ಶಿಖರದ ಅರ್ಧಕ್ಕೂ ಕೆಳಗಿಳಿಯಿತು. ಕಂಪನಿಯ ಎಂಜಿನಿಯರುಗಳು ಮೂರು ತಿಂಗಳಲ್ಲಿ ದಡ್ಡರಾಗಲಿಲ್ಲ. ದೊಡ್ಡ ಆರ್ಡರೊಂದು ಮುಗಿಯುತ್ತ ಬಂದಿತ್ತು, ಮುಂದಿನದು ಇನ್ನೂ ಬಂದಿರಲಿಲ್ಲ. ಬಳಗದಲ್ಲಿ ಯಾರಾದರೊಬ್ಬರು 'ಈ ಆರ್ಡರ್ ಆದ ಮೇಲೆ ಏನು?' ಎಂದು ಕೇಳಿದ್ದರೆ ಸಾಕಿತ್ತು. ಆ ಪ್ರಶ್ನೆಗೆ ಚಿಪ್ ವಿದ್ಯೆ ಬೇಕಿಲ್ಲ. ಗಾಂಧಿ ಬಜಾರಿನ ಯಾವ ಹೂವಿನ ವ್ಯಾಪಾರಿಗೂ ಅದು ಗೊತ್ತು. ವರಮಹಾಲಕ್ಷ್ಮಿ ಹಬ್ಬದ ವಾರದ ವ್ಯಾಪಾರವನ್ನು ಐವತ್ತೆರಡರಿಂದ ಗುಣಿಸಿ ವರ್ಷದ ಸಂಪಾದನೆ ಎಂದು ಆಕೆ ಎಂದೂ ಲೆಕ್ಕ ಹಾಕುವುದಿಲ್ಲ.

ಆದರೂ ಇಷ್ಟು ಸರಳ ಪ್ರಶ್ನೆ ಬಳಗದಲ್ಲಿ ಏಳುವುದಿಲ್ಲ. ಒಂದು ಕಂಪನಿಯ ಬಗ್ಗೆ ಹಂಚಿಕೊಳ್ಳುವವರೆಲ್ಲ ಆ ಷೇರನ್ನು ಆಗಲೇ ಕೊಂಡವರು. ಸಂಶಯವಿದ್ದವರು ಕೊಂಡಿರುವುದಿಲ್ಲ, ಕೊಳ್ಳದವರು ಬಳಗದಲ್ಲಿ ಉಳಿಯುವುದಿಲ್ಲ. ಹತ್ತು ಜನ ಹತ್ತು ಕಡೆಯಿಂದ ಹುಡುಕಿ ತಂದರೂ ತರುವುದೆಲ್ಲ ಒಂದೇ ತಕ್ಕಡಿಯ ತಟ್ಟೆಗೆ. ಮೇಲಾಗಿ ಹಳೆಯ ಬಡಾವಣೆಗಳಲ್ಲಿ ಪರಿಚಯವೇ ಜಾಮೀನು. ಆ ಜಾಮೀನಿನ ಬೆಲೆಯನ್ನು ಈ ಪ್ರದೇಶ ತೆತ್ತಾಗಿದೆ. ನೆಟ್ಟಕಲ್ಲಪ್ಪ ವೃತ್ತದ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಬಾಗಿಲ ಮುಂದೆ ನಿಂತವರಲ್ಲಿ ಬಹಳಷ್ಟು ಮಂದಿ ಹಿರಿಯ ನಾಗರಿಕರು. ಅವರು ದುರಾಸೆಯವರಲ್ಲ, ಅವಿದ್ಯಾವಂತರೂ ಅಲ್ಲ. ಅಕ್ಕಪಕ್ಕದವರು, ನೆಂಟರು ಇಟ್ಟಿದ್ದಾರೆ ಎಂಬುದನ್ನೇ ಪರಿಶೀಲನೆ ಎಂದುಕೊಂಡಿದ್ದರು, ಅಷ್ಟೆ. ಬ್ಯಾಂಕ್ ಠೇವಣಿಗಾದರೂ 5 ಲಕ್ಷದವರೆಗೆ ವಿಮೆಯ ರಕ್ಷೆಯಿದೆ. ಷೇರಿಗೆ ಅಂಥ ಯಾವ ಆಸರೆಯೂ ಇಲ್ಲ.

ನನ್ನ ವಾದಕ್ಕೆ ಈ ಊರಿನಲ್ಲಿ ಎದುರಾಗುವ ಮೊದಲ ಆಕ್ಷೇಪ ಇನ್ಫೋಸಿಸ್. 1993ರಲ್ಲಿ 95 ರೂಪಾಯಿಗೆ ಷೇರು ಕೊಡುತ್ತೇನೆಂದಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. ಸಂಶಯಪಟ್ಟವರು ಅವಕಾಶ ಕೈಚೆಲ್ಲಿದರು, ನಂಬಿದವರ ಮಕ್ಕಳು ಮನೆ ಕಟ್ಟಿದರು ಎಂಬುದು ಬೆಂಗಳೂರಿನ ಮಧ್ಯಮ ವರ್ಗ ಮರೆಯದ ಪಾಠ. ಪಾಠ ನಿಜ, ಆದರೆ ಅದನ್ನು ಅರ್ಧ ಓದಿದ್ದೇವೆ. 1981ರಲ್ಲಿ ಹುಟ್ಟಿದ ಇನ್ಫೋಸಿಸ್ ಪೇಟೆಗೆ ಬರುವ ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಣ ಕೊಡುವ ಗಿರಾಕಿಗಳಿಗೆ ಕೆಲಸ ಮಾಡಿಕೊಟ್ಟಿತ್ತು, ಲಾಭದಲ್ಲಿತ್ತು. ಕಾನೂನು ಕೇಳಿದ್ದಕ್ಕಿಂತ ಹೆಚ್ಚು ಲೆಕ್ಕ ಬಿಚ್ಚಿಡುವುದನ್ನು ಆರಂಭದ ವರ್ಷಗಳಲ್ಲೇ ರೂಢಿಸಿಕೊಂಡಿತು. ಆಗ ನಂಬಿದವರ ಮುಂದೆ ಆಧಾರವಿತ್ತು, ಓದಲು ಬೇಕಾದದ್ದು ಬ್ಯಾಲೆನ್ಸ್ ಶೀಟ್. ಅದೇ ದಶಕದ ಕೊನೆಯಲ್ಲಿ ಪೆಂಟಾಮೀಡಿಯ ಗ್ರಾಫಿಕ್ಸ್, ಡಿಎಸ್‌ಕ್ಯು ಸಾಫ್ಟ್‌ವೇರ್ ಎಂಬ ಷೇರುಗಳೂ ಮನೆಮಾತಾಗಿದ್ದವು. 2001ರ ಕುಸಿತದಲ್ಲಿ ಅವು ನೆಲಕಚ್ಚಿದವು. ಅವುಗಳ ಹೆಸರು ಇಂದು ಯಾರ ಬಾಯಲ್ಲೂ ಇಲ್ಲದಿರುವುದರಿಂದಲೇ ಇನ್ಫೋಸಿಸ್ ಒಂದೇ ಉದಾಹರಣೆಯಂತೆ ಕಾಣುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. 'ಪತ್ರಿಕೆ ಓದಿ ಹೂಡುವವರು ನಾವಲ್ಲ, ಒಳಗಿನ ಕೆಲಸ ಬಲ್ಲವರು ನಮ್ಮ ಮನೆಯಲ್ಲೇ ಇದ್ದಾರೆ.' ಬೆಂಗಳೂರಿಗೆ ಮಾತ್ರ ಸಲ್ಲುವ ಈ ಮಾತಿನಲ್ಲಿ ಬೆಂಗಳೂರಿಗೆ ಮಾತ್ರ ಇರುವ ಅಪಾಯವೂ ಇದೆ. ಚಿಪ್ಪಿನ ವಿದ್ಯೆಯನ್ನು ವಿವರಿಸುವುದು ಒಂದು, ತನ್ನ ಕಂಪನಿಗೆ ಬರಲಿರುವ ಆರ್ಡರನ್ನೋ ಕೈತಪ್ಪಿದ ಒಪ್ಪಂದವನ್ನೋ ಊಟದ ಹೊತ್ತಿನಲ್ಲಿ ಹೇಳುವುದು ಮತ್ತೊಂದು. ಪ್ರಕಟವಾಗದ, ಬೆಲೆಯನ್ನು ಕದಲಿಸಬಲ್ಲ ಮಾಹಿತಿಯ ಮೇಲೆ ವ್ಯವಹಾರ ಮಾಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ಒಳವಹಿವಾಟು ನಿಯಮಗಳು ನಿಷೇಧಿಸುತ್ತವೆ. ಹೇಳಿದವರಷ್ಟೇ ಅಲ್ಲ, ಕೇಳಿ ಷೇರು ಕೊಂಡವರೂ ಸಿಕ್ಕಿಬೀಳುತ್ತಾರೆ. ದಂಡ 25 ಕೋಟಿ ರೂಪಾಯಿವರೆಗೆ, ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅಷ್ಟು. ಹಾಗಾಗಿ ಮನೆಯ ಎಂಜಿನಿಯರಿನಿಂದ ನ್ಯಾಯವಾಗಿ ಪಡೆಯಬಹುದಾದದ್ದು ಎಲ್ಲರಿಗೂ ಲಭ್ಯವಿರುವ ವಿದ್ಯೆ ಮಾತ್ರ. ಅದು ಚಿಪ್ಪಿನ ಬಗ್ಗೆ ಹೇಳುತ್ತದೆ, ಷೇರಿನ ಬಗ್ಗೆ ಅಲ್ಲ. ಷೇರಿನ ಬಗ್ಗೆ ನಿಜವಾಗಿ ಹೇಳಬಲ್ಲದ್ದನ್ನು ಹೇಳುವಂತಿಲ್ಲ.

ಹಾಗಿದ್ದರೆ ಹಂಚಿಕೊಳ್ಳುವುದನ್ನೇ ಬಿಡಬೇಕೆ? ಬೇಡ. ಬಳಗವಿಲ್ಲದ ಒಂಟಿ ಹೂಡಿಕೆದಾರ ಇನ್ನೂ ಸುಲಭದ ಬೇಟೆ. ಆರ್‌ಆರ್‌ಪಿ ಸೆಮಿಕಂಡಕ್ಟರ್ ಎಂಬ ಕಂಪನಿಯ ಷೇರು 2024ರಲ್ಲಿ ಹತ್ತಿಪ್ಪತ್ತು ರೂಪಾಯಿಗಳಿಂದ ಹೊರಟು 2025ರಲ್ಲಿ ಹತ್ತು ಸಾವಿರ ದಾಟಿತು. ಏರುತ್ತಿದ್ದಾಗಲೇ, ತಾನು ಸೆಮಿಕಂಡಕ್ಟರ್ ತಯಾರಿಕೆಯನ್ನು ಇನ್ನೂ ಆರಂಭಿಸಿಲ್ಲ ಎಂದು ಕಂಪನಿಯೇ ಷೇರು ವಿನಿಮಯ ಕೇಂದ್ರಕ್ಕೆ ಬರೆದುಕೊಟ್ಟಿತು. ಯಾರು ಬೇಕಾದರೂ ಓದಬಹುದಾದ ಪತ್ರ ಅದು. ಅದನ್ನು ತೆರೆದು ನಾಲ್ಕು ಜನಕ್ಕೆ ತೋರಿಸುವ ಒಬ್ಬರಿದ್ದರೆ ಬಳಗ ಸಾರ್ಥಕ. ಬಳಗದ ನಿಜವಾದ ಬೆಲೆ ಇರುವುದು ಇಲ್ಲೇ. ಕಂಪನಿಯ ಜಾಹೀರಾತನ್ನು ಇನ್ನೊಮ್ಮೆ ಹಂಚುವುದಕ್ಕೆ ಬಳಗ ಬೇಕಿಲ್ಲ, ಕಂಪನಿ ಸುಳ್ಳು ಹೇಳಿದರೆ ಕಾನೂನಿನ ಕೈಗೆ ಸಿಗುವಂಥ ಕಾಗದಗಳನ್ನು ಸರದಿಯ ಮೇಲೆ ಓದುವುದಕ್ಕೆ ಬೇಕು. ಮುನ್ನೂರು ಪುಟದ ಪ್ರಾಸ್ಪೆಕ್ಟಸ್ ಒಬ್ಬರಿಗೆ ಹೊರೆ, ಆರು ಜನಕ್ಕೆ ಐವತ್ತೈವತ್ತು ಪುಟ. ಬ್ಯಾಂಕಿನಲ್ಲಿ, ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ, ಎಲ್‌ಐಸಿಯಲ್ಲಿ ಮೂವತ್ತು ವರ್ಷ ಲೆಕ್ಕ ತಿದ್ದಿದ ಕಣ್ಣುಗಳಿಗೆ ಈ ಬಡಾವಣೆಗಳಲ್ಲಿ ಕೊರತೆಯಿಲ್ಲ. ಎಐ ಚಿಪ್ ಕಂಪನಿಯ ಮೌಲ್ಯ ತೂಗಲು ಅಳಿಯನಿಗಿಂತ ಆ ಮಾವನವರೇ ಹೆಚ್ಚು ಯೋಗ್ಯರು ಎಂದು ನಾನು ನಂಬುತ್ತೇನೆ. ದುಃಖದ ಸಂಗತಿಯೆಂದರೆ ಚಿಪ್ ಎಂಬ ಪದ ಕೇಳಿದೊಡನೆ ಅವರು ತಮಗೆ ತಿಳಿಯದ ವಿಷಯವೆಂದು ಹಿಂದೆ ಸರಿದುಬಿಡುತ್ತಾರೆ.

ಅವರು ಮೊದಲು ಹುಡುಕಬೇಕಾದ ಅಂಕಿ ಒಂದೇ: ಈಗಿರುವ ನಗದು ಇನ್ನೆಷ್ಟು ತ್ರೈಮಾಸಿಕಗಳಿಗೆ ಸಾಕು? ಬ್ರೈನ್‌ಚಿಪ್‌ನಂಥ ಕಂಪನಿಗಳು ಆಸ್ಟ್ರೇಲಿಯಾದ ಷೇರುಪೇಟೆಗೆ ಮೂರು ತಿಂಗಳಿಗೊಮ್ಮೆ ಕೊಡಬೇಕಾದ ನಗದು ವರದಿಯಲ್ಲಿ ಈ ಪ್ರಶ್ನೆಗೆಂದೇ ಒಂದು ಸಾಲು ಮೀಸಲಿದೆ. ಲೆಕ್ಕಶಾಸ್ತ್ರ ಓದದವರಿಗೂ ಅದು ಅರ್ಥವಾಗುತ್ತದೆ. ನಮ್ಮಲ್ಲಿ ಪಟ್ಟಿಯಾದ ಕಂಪನಿಗಳು ಲಾಭನಷ್ಟವನ್ನು ಮೂರು ತಿಂಗಳಿಗೊಮ್ಮೆ ಹೇಳಿದರೂ ನಗದಿನ ಹರಿವನ್ನು ಹೇಳಬೇಕಾದದ್ದು ಆರು ತಿಂಗಳಿಗೊಮ್ಮೆ, ಅದೂ ಹೀಗೆ ಒಂದು ಸಾಲಿಗೆ ಇಳಿಸಿ ಅಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ಭಾರತದ ಎಐ ಚಿಪ್ ಕಂಪನಿಗಳೂ, ಬೆಂಗಳೂರಿನಲ್ಲೇ ಹುಟ್ಟಿದವೂ, ಸಣ್ಣ ಹೂಡಿಕೆದಾರರ ಹಣ ಕೇಳಿಕೊಂಡು ಬರಲಿವೆ. ಬರಲಿ, ಅವುಗಳಿಗೆ ಹಣ ಬೇಕು. ಬರುವ ಮೊದಲೇ, ನಷ್ಟದಲ್ಲಿರುವ ತಂತ್ರಜ್ಞಾನ ಕಂಪನಿಗಳು ಆ ಒಂದು ಸಾಲನ್ನು ಮೂರು ತಿಂಗಳಿಗೊಮ್ಮೆ ಬರೆಯಲೇಬೇಕೆಂದು ಸೆಬಿ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಅರ್ಧ ವರ್ಷದ ನಗದು ಪಟ್ಟಿಯನ್ನು ಮುಂದಿಟ್ಟುಕೊಂಡು, ಉಳಿದ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸುವ ಕೆಲಸವನ್ನು ತ್ಯಾಗರಾಜನಗರದ ನಿವೃತ್ತ ಲೆಕ್ಕಿಗರೊಬ್ಬರು ಹತ್ತು ನಿಮಿಷದಲ್ಲಿ ಮಾಡಬಲ್ಲರು. ಬಳಗದಲ್ಲಿ ಅವರನ್ನು ಕೂರಿಸಿಕೊಳ್ಳಬೇಕು, ಆ ಷೇರನ್ನು ಅವರು ಕೊಂಡಿರದಿದ್ದರೂ.